ಪಂಪು ತುಂಬಿಸುವ ತಾರೀಖು

ಕೇಳುಗರೇ, ನಮಸ್ಕಾರ. ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ, ಅಂದರೆ ಸೆರೆಬ್ರಲ್ ಪಾಲ್ಸಿಯಿಂದಲೋ ಬೆನ್ನುಹುರಿಗೆ ಬಿದ್ದ ಪೆಟ್ಟಿನಿಂದಲೋ ಕೈಕಾಲು ಸೆಟೆದುಕೊಂಡವರು ಮನೆಯಲ್ಲಿದ್ದರೆ, ಅವರಿಗೆ ಬಿಗಿತ ಸಡಿಲಿಸುವ ಬ್ಯಾಕ್ಲೋಫೆನ್ ಮದ್ದಿನ ಪಂಪು ಕೂರಿಸಿದ್ದರೆ, ಒಂದೇ ಮಾತು: ಮದ್ದು ತುಂಬಿಸುವ ತಾರೀಖು ತಪ್ಪಿಸಬೇಡಿ.

ಈ ಮದ್ದಿನ ಕತೆ ಸೊಗಸಾಗಿದೆ. 1962ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಹೈನ್ರಿಶ್ ಕೆಬೆರ್ಲೆ ಇದನ್ನು ತಯಾರಿಸಿದ್ದು ಮೂರ್ಛೆರೋಗಕ್ಕೆಂದು. ಫಿಟ್ಸ್ ಅಷ್ಟಾಗಿ ತಗ್ಗಲಿಲ್ಲ. ಕೆಲವರ ಬಿಗಿದ ಕಾಲು ಮಾತ್ರ ಸಡಿಲಿತು! ಹಾಗೆ ಮಾತ್ರೆ ಬಂತು. ಆದರೆ ನುಂಗಿದ ಮದ್ದು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಇಳಿಯುವುದು ತೀರಾ ಕಡಿಮೆ. ಡೋಸು ಏರಿಸಿದರೆ ಕಾಲು ಸಡಿಲುವ ಮೊದಲೇ ರೋಗಿ ತೂಕಡಿಸುತ್ತಾನೆ. 1984ರಲ್ಲಿ ಶಿಕಾಗೋದ ರಿಚರ್ಡ್ ಪೆನ್, ಜೆಫ್ರಿ ಕ್ರೋಯಿನ್ ಅದನ್ನು ನೇರವಾಗಿ ಆ ದ್ರವಕ್ಕೇ ಬಿಟ್ಟ ಪ್ರಯೋಗ ಪ್ರಕಟಿಸಿದರು. ಇಡೀ ಹೊಲಕ್ಕೆ ನೀರು ಹಾಯಿಸುವ ಬದಲು ಗಿಡದ ಬುಡಕ್ಕೇ ಹನಿ ಬಿಟ್ಟಂತೆ. ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ. ಇಲ್ಲಿ ಅದರ ಸಾವಿರದಲ್ಲೊಂದು ಪಾಲಾದ ಮೈಕ್ರೋಗ್ರಾಂ ಸಾಕು.

ಮೊದಲು ಬೆನ್ನಿಗೆ 50 ಮೈಕ್ರೋಗ್ರಾಂ ಚುಚ್ಚಿ ನೋಡುತ್ತಾರೆ. ಚುಚ್ಚಿ ಸುಮಾರು ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಬಿಗಿತ ಚೆನ್ನಾಗಿ ಇಳಿಯಬೇಕು. 100ಕ್ಕೂ ಇಳಿಯದಿದ್ದರೆ ಪಂಪಿನ ಆಸೆ ಬಿಡಿ. ಇಳಿದರೆ ಹೊಟ್ಟೆಯ ಚರ್ಮದಡಿ ಪಂಪು, ಅಲ್ಲಿಂದ ಬೆನ್ನಿಗೆ ಸಣ್ಣ ಕೊಳವೆ.

ಈಗ ಉದಾಹರಣೆಗೆ ಒಂದು ಲೆಕ್ಕ. ಪಂಪಿನೊಳಗಿನ ತೊಟ್ಟಿ 20 ಮಿಲಿಲೀಟರ್, ಮಿಲಿಗೆ 500 ಮೈಕ್ರೋಗ್ರಾಂ, ದಿನಕ್ಕೆ ಖರ್ಚು 250. ತಳದ 2 ಮಿಲಿ ಲೆಕ್ಕಕ್ಕೆ ಹಿಡಿಯಬೇಡಿ. ಉಳಿದದ್ದು 36 ದಿನಕ್ಕೆ. ಮದುವೆಯಿರಲಿ, ಹಬ್ಬವಿರಲಿ, 36 ಅಂದರೆ 36! ಕ್ಯಾಲೆಂಡರಿನಲ್ಲಿ ಅದಕ್ಕೂ ಒಂದು ವಾರ ಮುಂಚಿನ ದಿನಕ್ಕೆ ಗುರುತು ಹಾಕಿ.

ಮದ್ದು ನಿಂತರೆ ಮೊದಲ ಸುಳಿವು ಹೆಚ್ಚಾಗಿ ತುರಿಕೆ. ಮೈಮೇಲೆ ದದ್ದಿರುವುದಿಲ್ಲ, ಬರೀ ತುರಿಕೆ. ಹಿಂದೆಯೇ ಸೆಟೆತ, ಜ್ವರ, ಗೊಂದಲ. ಸ್ನಾಯು ಒಡೆದು ಮೂತ್ರಪಿಂಡ ಕೆಡಬಹುದು, ಪ್ರಾಣವೂ ಹೋಗಬಹುದು. ದಯವಿಟ್ಟು ಅಲರ್ಜಿ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯಬೇಡಿ. ಪಂಪಿನ ವಿವರವಿರುವ ಕಾರ್ಡು ಹಿಡಿದು ಆಸ್ಪತ್ರೆಗೆ ಹೊರಡಿ. ತುಂಬಿಸಿ ವಾರವೂ ಆಗಿಲ್ಲವಲ್ಲ ಎನ್ನಬೇಡಿ. ಕೊಳವೆ ಮಡಚಿಕೊಂಡರೂ ಜಾರಿದರೂ ಹೀಗೇ ಆಗುತ್ತದೆ. ಮೈ ಜೋಲು ಬಿದ್ದು, ನಿದ್ದೆ ಆವರಿಸಿ, ಉಸಿರು ನಿಧಾನವಾದರೆ ಮದ್ದು ಹೆಚ್ಚಾಗಿದೆ, ಆಗಲೂ ಹೊರಡಿ.

ಸಮಯ ಮುಗಿಯಿತೆಂದು ಸನ್ನೆ ಮಾಡುತ್ತಿದ್ದಾರೆ. ಬ್ಯಾಟರಿ ಸಾಮಾನ್ಯವಾಗಿ 4ರಿಂದ 7 ವರ್ಷ. ಎಂಆರ್‌ಐ ಆದಮೇಲೆ ಪಂಪು ಮತ್ತೆ ಓಡುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿಯೇ ಮನೆಗೆ ಬನ್ನಿ. ಹಾಗೇ ಮುಂದಿನ ತಾರೀಖನ್ನೂ ಕೇಳಿ ಬರೆದುಕೊಳ್ಳಿ. ನಮಸ್ಕಾರ.