ಚಳಿ ಬರುವುದು ಗಾಳಿಯಿಂದ

ನಮಸ್ಕಾರ ಕೇಳುಗರೇ.

ಹೋದ ತಿಂಗಳು ನನ್ನ ಅಕ್ಕನ ಮಗ ಗಂಗಾವತಿಯಿಂದ ಫೋನ್ ಮಾಡಿದ್ದ. ಓದಲು ಸ್ಕಾಟ್ಲೆಂಡಿಗೆ ಹೊರಟಿದ್ದಾನೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಕಲಿತ ಹುಡುಗ, ಅಲ್ಲೂ ನೀರಿಗೆ ಇಳಿಯಬೇಕು ಅನ್ನುವ ಆಸೆ. "ಮಾಮಾ, ಸ್ವಂತಕ್ಕೆ ಒಂದು ರೆಗ್ಯುಲೇಟರ್ ತಗೋಬೇಕು. ಯಾವ ಕಂಪನಿದು ತಗೊಳ್ಳಲಿ?" ಅಂತ ಕೇಳಿದ. ಕಂಪನಿ ಹೆಸರು ಆಮೇಲೆ, ಮೊದಲು ಇದನ್ನು ಕೇಳಪ್ಪಾ ಅಂತ ಅವನಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ. ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರಿನ ಎಷ್ಟೋ ಮಕ್ಕಳು ಈಗ ಜರ್ಮನಿ, ನಾರ್ವೆ, ಕೆನಡಾ ಅಂತ ಹೋಗುತ್ತಿದ್ದಾರೆ. ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತವರಿಗೆ ನೀರು ಕಂಡರೆ ಸುಮ್ನೆ ಕೂರುವುದಕ್ಕೆ ಆಗುವುದಿಲ್ಲ, ಅಲ್ವಾ?

ರೆಗ್ಯುಲೇಟರ್ ಅಂದರೆ ನಮಗೆ ಮೊದಲು ನೆನಪಾಗುವುದು ಫ್ಯಾನಿನದು, ಇಲ್ಲವೇ ಅಡುಗೆ ಗ್ಯಾಸಿನದು. ಸ್ಕೂಬಾದ ರೆಗ್ಯುಲೇಟರ್ ಈ ಗ್ಯಾಸಿನದಕ್ಕೆ ಹತ್ತಿರದ ನೆಂಟ. ಸಿಲಿಂಡರಿನ ಒತ್ತಡ ಇಳಿಸಿ ಬೇಕಾದಷ್ಟೇ ಬಿಡುವುದು ಇದರ ಕೆಲಸ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಸೇರಿ ಈಗಿನ ಸ್ಕೂಬಾಕ್ಕೆ ಅಡಿಪಾಯವಾದ ಸಲಕರಣೆ ಮಾಡಿದಾಗಲೂ, ಅದರ ಮೂಲ ಗಾನ್ಯಾನ್ ಅವರ ಒಂದು ಗ್ಯಾಸ್ ವಾಲ್ವೇ. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರನ್ನು ಗ್ಯಾಸಿನಲ್ಲಿ ಓಡಿಸಲು ಅವರು ಅದನ್ನು ಮಾಡಿದ್ದರು.

ಬೆನ್ನಿನ ಮೇಲಿನ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದರ ಹತ್ತಿರ ಹತ್ತಿರ 90 ಪಟ್ಟು. ಸಿಲಿಂಡರಿಗೆ ಕೂರುವ ಭಾಗಕ್ಕೆ ಫಸ್ಟ್ ಸ್ಟೇಜ್ ಅನ್ನುತ್ತಾರೆ. ಅದು ಒತ್ತಡವನ್ನು ಒಂದೇ ಏಟಿಗೆ, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಜಾಸ್ತಿ ಇರುವಷ್ಟಕ್ಕೆ ಇಳಿಸಿ ನಿಲ್ಲಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್ ಉಳಿದದ್ದನ್ನು ಇಳಿಸಿ, ನೀವು ಎಳೆದಾಗ ಉಸಿರು ಕೊಡುತ್ತದೆ.

ಈಗ ಪಂಕ್ಚರ್ ಅಂಗಡಿಗೆ ಹೋಗೋಣ. ಲಾರಿ ಟೈರಿನ ಗಾಳಿ ಬಿಡುವಾಗ ವಾಲ್ವಿನ ಬಾಯಿಗೆ ಬೆರಳು ಹಿಡಿದು ನೋಡಿ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲೂ ಬೆರಳಿಗೆ ತಣ್ಣಗೆ ತಾಗುತ್ತದೆ. ಒತ್ತಿ ತುಂಬಿದ ಗಾಳಿ ಹಿಗ್ಗಿದರೆ ತಣ್ಣಗಾಗುತ್ತದೆ, ಅಷ್ಟೇ ವಿಷಯ. ಟೈರಿನ ಗಾಳಿಯೇ ಹೀಗಾದರೆ 200 ಬಾರಿನ ಗಾಳಿ ಹೇಗಿರಬೇಡ! ಫಸ್ಟ್ ಸ್ಟೇಜಿನ ಒಳಗೆ ಅದು ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಹೊರಗಿನ ಕೆರೆಯ ನೀರು 4 ಡಿಗ್ರಿ ಇದ್ದರೆ, ಆ ಲೋಹದ ತುಂಡಿಗೆ ಅದೇ ಬಿಸಿನೀರಿನ ಹಂಡೆ. ನನಗೆ ಇದು ತಿಳಿದ ದಿನವೇ ರೆಗ್ಯುಲೇಟರನ್ನು ನೋಡುವ ಕಣ್ಣು ಬದಲಾಯಿತು. ಚಳಿ ನೀರಿನಿಂದ ಬರುತ್ತದೆ ಅಂದುಕೊಂಡಿದ್ದೆ. ಬರುವುದು ನಾವು ಉಸಿರಾಡುವ ಗಾಳಿಯಿಂದಲೇ.

ನನಗೆ ತಿಳಿದ ರೀತಿ ಮಾತ್ರ ಒಳ್ಳೆಯದಾಗಿರಲಿಲ್ಲ. ನಮ್ಮ ಕುಷ್ಟಗಿ ಕಡೆ ಕಲ್ಲು ತೆಗೆದ ಹೊಂಡಗಳಲ್ಲಿ ನೀರು ನಿಂತಿರುತ್ತದಲ್ಲ, ಅಂಥದ್ದೇ ಒಂದು ಹಳೆಯ ಕಲ್ಲುಗಣಿ, ಸ್ಕಾಟ್ಲೆಂಡಿನಲ್ಲಿ, ಜನವರಿ ತಿಂಗಳು. ಬಾಡಿಗೆ ರೆಗ್ಯುಲೇಟರ್. ದಡದಲ್ಲಿ ನಿಂತು ಐದಾರು ಸಲ ಜೋರಾಗಿ ಉಸಿರೆಳೆದು ಪರೀಕ್ಷೆ ಮಾಡಿದೆ, ಗುಂಡಿ ಒತ್ತಿ ಗಾಳಿ ಬಿಟ್ಟೂ ನೋಡಿದೆ. ಆ ಕೊರೆಯುವ ಗಾಳಿಯಲ್ಲಿ ನನ್ನ ಉಸಿರಿನ ಪಸೆ ಒಳಗೇ ಕೂತಿತ್ತು. 18 ಮೀಟರ್ ಆಳದಲ್ಲಿ, ತೇಲುವುದನ್ನು ಹಿಡಿತದಲ್ಲಿಡಲು ಹಾಕಿಕೊಳ್ಳುವ ಜಾಕೆಟ್ಟಿಗೆ ಅದೇ ಸಿಲಿಂಡರಿನಿಂದ ಗಾಳಿ ತುಂಬುತ್ತಾ ಅದೇ ಹೊತ್ತಿಗೆ ಉಸಿರನ್ನೂ ಎಳೆದೆ. ಬಾಯಲ್ಲಿದ್ದದ್ದು ಬುಸ್ ಅಂತ ಶುರುವಾಗಿ ನಿಲ್ಲಲೇ ಇಲ್ಲ. ಕಣ್ಣ ಮುಂದೆ ಬರೀ ಗುಳ್ಳೆ, ಹಲ್ಲು ಜುಮ್ಮೆನ್ನುವಷ್ಟು ತಣ್ಣನೆಯ ಗಾಳಿ. ಇದಕ್ಕೆ ಫ್ರೀ ಫ್ಲೋ ಅನ್ನುತ್ತಾರೆ. ಐಸ್ ಕಟ್ಟಿ ವಾಲ್ವ್ ತೆರೆದೇ ಉಳಿಯುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 2400 ಲೀಟರ್ ಗಾಳಿ ಇದ್ದರೂ ಹೀಗೆ ಸೋರಿದರೆ ಕೆಲವೇ ನಿಮಿಷದಲ್ಲಿ ಖಾಲಿ. ಜೊತೆಗಿದ್ದವರು ತಮ್ಮ ಎರಡನೇ ಬಾಯಿ, ಅಂದರೆ ಹೆಚ್ಚುವರಿ ಸೆಕೆಂಡ್ ಸ್ಟೇಜ್ ಕೊಟ್ಟು ನಿಧಾನವಾಗಿ ಮೇಲೆ ತಂದರು. ಮೇಲೆ ಬಂದು ನೋಡಿದರೆ ಫಸ್ಟ್ ಸ್ಟೇಜಿನ ಸುತ್ತ ಬೆಳ್ಳಗೆ ಐಸ್ ಗಟ್ಟಿಯಾಗಿ ಕೂತಿತ್ತು, ಉಗುರಿನಿಂದ ಕೆರೆದರೂ ಬರಲಿಲ್ಲ.

ಹಾಗಾಗಿ ಆರಿಸುವಾಗ ನಾನು ಮೊದಲು ನೋಡುವುದು ಫಸ್ಟ್ ಸ್ಟೇಜನ್ನೇ. ಇದರಲ್ಲಿ ಎರಡು ಜಾತಿ, ಪಿಸ್ಟನ್ ಮತ್ತು ಡಯಾಫ್ರಾಂ. ಸಾದಾ ಪಿಸ್ಟನ್ನಿನಲ್ಲಿ ಸ್ಪ್ರಿಂಗ್ ಇರುವ ಜಾಗಕ್ಕೆ ನೀರು ನುಗ್ಗುತ್ತದೆ. ನೇತ್ರಾಣಿಯ ಬೆಚ್ಚನೆಯ ಸಮುದ್ರದಲ್ಲಿ ಅದರಿಂದ ತೊಂದರೆ ಇಲ್ಲ. ಚಳಿ ಕೆರೆಯಲ್ಲಿ ಆ ನೀರೇ ಸ್ಪ್ರಿಂಗಿನ ಸುತ್ತ ಐಸ್ ಆಗಿ ಅದನ್ನು ಹಿಡಿದುಬಿಡುತ್ತದೆ. ಡಯಾಫ್ರಾಂ ಜಾತಿಯಲ್ಲಿ ಒಳಗಿನ ಓಡಾಡುವ ಭಾಗಗಳಿಗೂ ನೀರಿಗೂ ನಡುವೆ ರಬ್ಬರ್ ತೆರೆ ಇರುತ್ತದೆ. ಅದರ ಹೊರಗೆ ಇನ್ನೊಂದು ತೆರೆ ಹಾಕಿ ಸ್ಪ್ರಿಂಗನ್ನೂ ಒಣಗಿಸಿ ಇಟ್ಟರೆ ಸೀಲ್ ಮಾಡಿದ್ದು ಅನ್ನುತ್ತಾರೆ. ಚಳಿ ನೀರಿನಲ್ಲೂ ನಿಲ್ಲುವ ಪಿಸ್ಟನ್‌ಗಳನ್ನು ಮಾಡುವವರು ಇದ್ದಾರೆ, ನಿಜ. ಆದರೆ ಮೊದಲ ಸಲ ಕೊಳ್ಳುವವರಿಗೆ ಸೀಲ್ ಮಾಡಿದ ಡಯಾಫ್ರಾಮೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಲೋಹ. ಕೆರೆಯ ನೀರೇ ಬಿಸಿನೀರಿನ ಹಂಡೆ ಅಂದೆನಲ್ಲ, ಆ ಬಿಸಿ ಒಳಗೆ ಹರಿಯಬೇಕು, ಅದಕ್ಕೇ ಕೆಲವು ಫಸ್ಟ್ ಸ್ಟೇಜಿನ ಮೈಮೇಲೆ ಬೈಕ್ ಇಂಜಿನ್ನಿಗೆ ಇರುವಂಥ ಪಟ್ಟಿಗಳಿರುತ್ತವೆ. ಬೈಕಿನಲ್ಲಿ ಅವು ಬಿಸಿಯನ್ನು ಹೊರಗೆ ಹಾಕುತ್ತವೆ, ಇಲ್ಲಿ ಒಳಗೆ ತರುತ್ತವೆ. ಸೆಕೆಂಡ್ ಸ್ಟೇಜಿನಲ್ಲೂ ಪೂರ್ತಿ ಪ್ಲಾಸ್ಟಿಕ್ ಇದ್ದರೆ ಬಿಸಿ ದಾಟುವುದು ಕಷ್ಟ, ಲೋಹದ ಭಾಗ ಜಾಸ್ತಿ ಇದ್ದಷ್ಟು ಒಳ್ಳೆಯದು.

ಯುರೋಪಿನಲ್ಲಿ ಇದಕ್ಕೆ ಇಎನ್ 250 ಅನ್ನುವ ಮಾನದಂಡ ಇದೆ. ಅಲ್ಲಿ 10 ಡಿಗ್ರಿಗಿಂತ ತಣ್ಣನೆಯದು ಚಳಿ ನೀರು. ಅದಕ್ಕೆ ಪಾಸಾಗದ ರೆಗ್ಯುಲೇಟರಿನ ಮೇಲೆ 10 ಡಿಗ್ರಿಗಿಂತ ಮೇಲೆ ಮಾತ್ರ ಅಂತ ಗುರುತು ಇರುತ್ತದೆ. ಚಿಕ್ಕ ಅಕ್ಷರ, ಕಣ್ಣಿಟ್ಟು ನೋಡಬೇಕು. ಆಕ್ಟೋಪಸ್ ಅಂತ ಕರೆಯುವ ಎರಡನೇ ಬಾಯಿ ಇದೆಯಲ್ಲ, ಜೊತೆಗಾರರಿಗೆ ಕೊಡುವುದು, ಅದರ ಮೇಲಿನ ಗುರುತನ್ನೂ ನೋಡಿ. ದುಡ್ಡು ಉಳಿಸಲು ಅದನ್ನು ಅಗ್ಗದ್ದು ಹಾಕಿಸಿಕೊಳ್ಳುವವರನ್ನು ಕಂಡಿದ್ದೇನೆ. ಅದು ಬೇಕಾಗುವುದೇ ಕಷ್ಟದ ಹೊತ್ತಿನಲ್ಲಿ. ಆಗ ಒಂದೇ ಫಸ್ಟ್ ಸ್ಟೇಜಿನಿಂದ ಇಬ್ಬರು ಗಾಬರಿಯಲ್ಲಿ ಎಳೆಯುತ್ತಿರುತ್ತಾರೆ, ಗಾಳಿ ಎರಡರಷ್ಟು ಓಡುತ್ತದೆ, ಚಳಿಯೂ ಅಷ್ಟೇ ಏರುತ್ತದೆ. ಜರ್ಮನಿಯ ಕೆರೆಗಳಲ್ಲಿ ಒಂದೇ ಸಿಲಿಂಡರಿಗೆ ಎರಡು ವಾಲ್ವ್, ಎರಡು ಫಸ್ಟ್ ಸ್ಟೇಜ್ ಹಾಕಿಕೊಳ್ಳುವ ರೂಢಿ ಇರುವುದು ಇದಕ್ಕೇ. ಒಂದು ಐಸ್ ಕಟ್ಟಿದರೆ ಅದನ್ನು ಮುಚ್ಚಿ ಇನ್ನೊಂದರಿಂದ ಉಸಿರಾಡುತ್ತಾರೆ.

ಸಿಲಿಂಡರಿಗೆ ಕೂರಿಸುವ ರೀತಿಯೂ ಎರಡು. ನಮ್ಮ ಕಡೆ ಜಾಸ್ತಿ ನೋಡುವುದು ಯೋಕ್, ಹಿಡಿಕೆಯಿಂದ ಬಿಗಿಯುವುದು. ಯುರೋಪಿನ ಚಳಿ ನೀರಿನಲ್ಲಿ ಡಿನ್ ಜಾಸ್ತಿ, ವಾಲ್ವಿನ ಒಳಗೇ ತಿರುಗಿಸಿ ಕೂರಿಸುವುದು. ಅಲ್ಲಿ ಕೊಳ್ಳುವುದಾದರೆ ಡಿನ್ ತಗೊಳ್ಳಿ. ಊರಿಗೆ ಬಂದಾಗ ನೇತ್ರಾಣಿಗೆ ಅಡಾಪ್ಟರ್ ಹಾಕಿಕೊಂಡರೆ ಆಯಿತು.

ಇನ್ನು ಕಂಪನಿ. ಸ್ವೀಡನ್ನಿನ ಪೊಸೈಡನ್, ಇಂಗ್ಲೆಂಡಿನ ಏಪೆಕ್ಸ್, ಸ್ಕೂಬಾಪ್ರೊ, ಇವರೆಲ್ಲ ಚಳಿ ನೀರಿಗೆ ಅಂತಲೇ ಮಾಡಿದ ಮಾಡೆಲ್‌ಗಳನ್ನು ಇಟ್ಟಿದ್ದಾರೆ. ಈ ಹೆಸರುಗಳ ನಡುವೆ ತಲೆ ಕೆಡಿಸಿಕೊಳ್ಳುವ ಬದಲು, ನೀವು ಇರುವ ಊರಲ್ಲಿ ಯಾವುದಕ್ಕೆ ಸರ್ವಿಸ್ ಮಾಡುತ್ತಾರೆ ಅಂತ ಕೇಳಿ. ಒಳಗಿನ ಓ-ರಿಂಗ್ ಅನ್ನುವ ರಬ್ಬರ್ ಬಳೆ ಕುಕ್ಕರಿನ ರಿಂಗಿನ ಹಾಗೆಯೇ ಸವೆಯುತ್ತದೆ. ಕಂಪನಿ ಹೇಳಿದ ಅವಧಿಗೆ ಸರಿಯಾಗಿ ಬಿಚ್ಚಿ, ತೊಳೆದು, ಹೊಸದು ಹಾಕಿಸಬೇಕು. ಹೊಂದಿಕೆ ತಪ್ಪಿದ್ದರೆ ಎಂಥ ದುಬಾರಿ ರೆಗ್ಯುಲೇಟರ್ ಆದರೂ ಚಳಿಯಲ್ಲಿ ಸೋರುತ್ತದೆ.

ಅಂಗಡಿಗೆ ಹೋಗುವಾಗ ದಪ್ಪ ಕೈಗವಸನ್ನೂ ತಗೊಂಡು ಹೋಗಿ. ಹಾಕಿಕೊಂಡೇ ಪಕ್ಕದ ಗುಂಡಿಗಳನ್ನು ತಿರುಗಿಸಿ ನೋಡಿ. ಎಷ್ಟೋ ಸೆಕೆಂಡ್ ಸ್ಟೇಜುಗಳಲ್ಲಿ ಗಾಳಿಯ ಓಟವನ್ನು ತಗ್ಗಿಸುವ ಒಂದು ಚಿಕ್ಕ ಲಿವರ್ ಇರುತ್ತದೆ, ಫ್ರೀ ಫ್ಲೋ ತಡೆಯಲು ಅದು ತುಂಬಾ ಮುಖ್ಯ. ಮರಗಟ್ಟಿದ ಬೆರಳಿಗೆ ಅದು ಸಿಗಬೇಕು.

ಕೊಂಡ ಮೇಲೆ ಬಳಸುವ ರೀತಿಯೂ ಅಷ್ಟೇ ಮುಖ್ಯ. ದಡದಲ್ಲಿ ಉಸಿರಾಡಿ ನೋಡುವುದನ್ನು ಬಿಡಿ, ಬಾಯಿ ನೀರಿನಲ್ಲಿ ಮುಳುಗಿದ ಮೇಲೆಯೇ ಶುರು ಮಾಡಿ. ಜಾಕೆಟ್ಟಿಗೆ ಗಾಳಿಯನ್ನು ಚೂರುಚೂರೇ ತುಂಬಿ, ಆ ಹೊತ್ತಿಗೆ ಉಸಿರೆಳೆಯಬೇಡಿ. ತೊಳೆಯುವಾಗ ಫಸ್ಟ್ ಸ್ಟೇಜಿನ ಬಾಯಿಗೆ ಮುಚ್ಚಳ ಹಾಕಿಯೇ ತೊಳೆಯಿರಿ, ಏಕೆಂದರೆ ಒಳಗೆ ಒಂದು ಹನಿ ನೀರು ಹೋದರೂ ಹೊರಗಿನ ಸೀಲು ಏನೂ ಮಾಡಲಾರದು. ಇಷ್ಟೆಲ್ಲ ಮಾಡಿಯೂ ಸೋರಲು ಶುರುವಾದರೆ ಬಾಯಿಂದ ಕಿತ್ತು ಎಸೆಯಬೇಡಿ. ತುಟಿ ಸಡಿಲ ಬಿಟ್ಟು ಬೇಕಾದಷ್ಟು ಗಾಳಿ ಹೀರಿ, ಉಳಿದದ್ದು ಪಕ್ಕದಿಂದ ಹೋಗಲಿ. ಜೊತೆಗಾರರಿಗೆ ಸನ್ನೆ ಮಾಡಿ ಮೇಲಕ್ಕೆ ಹೊರಡಿ. ಇದನ್ನು ಕಲಿಸುವವರ ಜೊತೆ ಮೊದಲು ಈಜುಕೊಳದಲ್ಲಿ ಅಭ್ಯಾಸ ಮಾಡಿರಬೇಕು.

ಮೊನ್ನೆ ಅಳಿಯ ಅಲ್ಲಿಂದ ವಿಡಿಯೋ ಕಾಲ್ ಮಾಡಿದ್ದ. ಸೀಲ್ ಮಾಡಿದ ಡಯಾಫ್ರಾಮೇ ತಗೊಂಡಿದ್ದಾನೆ. ಕೈಗವಸು ಹಾಕಿಕೊಂಡು ಆ ಲಿವರನ್ನು ಆಚೆ ಈಚೆ ತಳ್ಳಿ ತೋರಿಸಿದ. "ನೀರು 7 ಡಿಗ್ರಿ ಅಂತ ಮಾಮಾ, ಶನಿವಾರ ಇಳೀತೀನಿ" ಅಂದ. ಎಷ್ಟು ಆಳ ಅಂತ ಕೇಳಿದೆ. ಆರೇ ಮೀಟರ್ ಅಂದ. ಅಕ್ಕ ಹಿಂದಿನಿಂದ ಇಣುಕಿ, ಮೇಲೆ ಬಂದ ತಕ್ಷಣ ಫೋನ್ ಮಾಡಪ್ಪಾ ಅಂದಳು.

ನಮಸ್ಕಾರ.