ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹಲವರು ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೀರಿ. ಗಂಡನನ್ನೋ ಹೆಂಡತಿಯನ್ನೋ ನಸುಕಿನಲ್ಲಿ ಓಟಕ್ಕೆ ಕಳಿಸಿ, ಮನೆಯ ಬೆಳಗನ್ನು ಒಬ್ಬರೇ ನಿಭಾಯಿಸುವವರೂ ಬಂದಿದ್ದೀರಿ. ಇವತ್ತಿನ ಮಾತು ಇಬ್ಬರಿಗೂ ಸೇರಿದ್ದು.

ತಯಾರಿ ಹಳಿ ತಪ್ಪಿದಾಗ ಓಡುವವರು ಮನೆಯ ಕಡೆ ಕೈ ತೋರಿಸುತ್ತಾರೆ, ಮನೆಯವರು ಓಟದ ಕಡೆ. ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಆದರೆ ಕಾಗದ ಪೆನ್ನು ಹಿಡಿದು ಗಂಟೆಗಳ ಲೆಕ್ಕ ಬರೆದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಓಟ ಮತ್ತು ಮನೆ ಒಂದಕ್ಕೊಂದು ಹೊಂದಿಕೊಂಡು ಹೋಗಬಲ್ಲವು. ಎರಡೂ ನಡೆಯುವುದು ನಿದ್ದೆಯ ಬಲದ ಮೇಲೆ. ಆ ನಿದ್ದೆಗೆ ಕೈ ಹಾಕುವುದು ಶನಿವಾರ ರಾತ್ರಿಯ ಗ್ಲಾಸು. ಹಾಗಾಗಿ ಇಡೀ ವಾರವನ್ನು ಸದ್ಯಕ್ಕೆ ಬಿಟ್ಟು, ಶನಿವಾರ ಸಂಜೆ ಆರರಿಂದ ಭಾನುವಾರ ಸಂಜೆ ಆರರವರೆಗಿನ 24 ಗಂಟೆಗಳನ್ನು ಹೆಚ್ಚು ಹೊತ್ತು ನೋಡೋಣ.

4 ಗಂಟೆ 45 ನಿಮಿಷದಲ್ಲಿ 42.195 ಕಿ.ಮೀ. ಮುಗಿಸಬೇಕು ಅಂತಿರುವವರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸ್ಪರ್ಧೆಯ ದಿನ ಅವರ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಹೊತ್ತು, 6 ನಿಮಿಷ 45 ಸೆಕೆಂಡು. ಲಾಂಗ್ ರನ್, ಅಂದರೆ ಭಾನುವಾರದ ದೂರದ ಓಟ, ಅದಕ್ಕಿಂತ ನಿಧಾನ, 7:15 ಅಂತಿಟ್ಟುಕೊಳ್ಳಿ. ಆ ಲೆಕ್ಕದಲ್ಲಿ 30 ಕಿ.ಮೀ.ಗೆ 3 ಗಂಟೆ 38 ನಿಮಿಷ. ಆದರೆ ಬೆಂಗಳೂರಿನಲ್ಲಿ ಆ ಭಾನುವಾರ ನಿಜವಾಗಿ ಹೇಗೆ ಕಳೆಯುತ್ತದೆ? ನಾಲ್ಕೂವರೆಗೆ ಮನೆ ಬಿಟ್ಟು ಐದಕ್ಕೆ ಕಬ್ಬನ್ ಪಾರ್ಕ್, ಒಂಬತ್ತರ ಹೊತ್ತಿಗೆ ಓಟ ಮುಗಿದು ಸ್ಟ್ರೆಚಿಂಗ್, ಗುಂಪಿನ ಫೋಟೋ, ಇಡ್ಲಿ ವಡೆ, ಎರಡು ಸುತ್ತು ಕಾಫಿ. ಮನೆ ಸೇರುವಾಗ ಹತ್ತೂವರೆ. ಸ್ನಾನ, ಊಟ, ಆಮೇಲೆ ಎರಡೂವರೆವರೆಗೆ ನಿದ್ದೆ. ಹತ್ತು ಗಂಟೆ ಹೋಯಿತು. ಅದರಲ್ಲಿ ಓಟದ ಪಾಲು ಮೂರೂವರೆ ಚಿಲ್ಲರೆ ಮಾತ್ರ. ಮನೆಯವರ ಬೇಸರ ಆ ಮೂರೂವರೆ ಗಂಟೆಯ ಮೇಲಲ್ಲ, ಉಳಿದ ಆರೂವರೆಯ ಮೇಲೆ. ಕಡಿತ ಮಾಡಬೇಕಾದದ್ದೂ ಅಲ್ಲೇ.

ನಾಲ್ಕರಲ್ಲಿ ಮೂರು ಭಾನುವಾರ ನಿಮ್ಮ ಮನೆಯ ಗೇಟಿನಿಂದಲೇ ಶುರು ಮಾಡಿ. 5 ಕಿ.ಮೀ.ನ ಒಂದು ಸುತ್ತು ಗುರುತು ಮಾಡಿಕೊಳ್ಳಿ. ಗೇಟಿನ ಪಕ್ಕ ನೀರು, ಬಾಳೆಹಣ್ಣು, ಓಆರ್‌ಎಸ್ ಇಟ್ಟುಕೊಂಡು ಆರು ಸುತ್ತು. ನಾಲ್ಕು ಇಪ್ಪತ್ತಕ್ಕೆ ಹೊರಟರೆ ಎಂಟರೊಳಗೆ ನೀವು ಬಚ್ಚಲಮನೆಯಲ್ಲಿ. ಬೇಸರದ ದಾರಿ ನಿಜ, ಆದರೆ ಮುಂಬೈನಲ್ಲಿ ಕೊನೆಯ 10 ಕಿ.ಮೀ. ಕೂಡ ಬೇಸರದ್ದೇ, ಅಭ್ಯಾಸವಾಗಲಿ. ಮೈಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ನಾಯಿಗಳ ಕಾಟವಿರುವ ಗಲ್ಲಿಯನ್ನು ಹಗಲಿನಲ್ಲೇ ನೋಡಿ ಬಿಟ್ಟುಬಿಡಿ. ನಾಲ್ಕನೇ ಭಾನುವಾರ ಗುಂಪಿನ ಜೊತೆ ಹೋಗಿ, ಕಾಫಿಯನ್ನೂ ನೆಮ್ಮದಿಯಾಗಿ ಕುಡಿದು ಬನ್ನಿ. ಆ ಒಡನಾಟವೂ ಬೇಕು.

ಮಧ್ಯಾಹ್ನದ ನಿದ್ದೆಗೆ 30 ನಿಮಿಷದ ಅಲಾರಂ ಇಡಿ. ಎರಡು ಗಂಟೆ ಮಲಗಿದರೆ ಭಾನುವಾರ ರಾತ್ರಿ ನಿದ್ದೆ ಹತ್ತದೆ ಸೋಮವಾರವೂ ಕೆಡುತ್ತದೆ. ಎರಡು ಗಂಟೆ ನಿದ್ದೆ ಬೇಕೇ ಬೇಕು ಅನಿಸಿದರೆ ಮೂರು ಕಾರಣಗಳನ್ನು ಹುಡುಕಿ: ಓಟದ ವೇಗ ಜಾಸ್ತಿಯಾಗಿದೆ, ಓಡಿದ ಮೇಲೆ ಊಟ ತಡವಾಗಿದೆ, ಇಲ್ಲವೇ ಹಿಂದಿನ ರಾತ್ರಿ ನಿದ್ದೆ ಕೆಟ್ಟಿದೆ. ಓಟ ಮುಗಿದು ಒಂದು ಗಂಟೆಯೊಳಗೆ ದೇಹದ ಪ್ರತಿ ಕೆ.ಜಿ.ಗೆ 1 ಗ್ರಾಂ ಕಾರ್ಬೋಹೈಡ್ರೇಟ್, 20ರಿಂದ 25 ಗ್ರಾಂ ಪ್ರೋಟೀನ್ ಹೊಟ್ಟೆ ಸೇರಬೇಕು. ಅನ್ನ ಸಾರಿನ ಜೊತೆ ಮೂರು ಮೊಟ್ಟೆ, ಒಂದು ಲೋಟ ಹಾಲು ಕುಡಿದರೆ ಲೆಕ್ಕ ಸರಿಹೋಗುತ್ತದೆ.

ವಾರದ ದಿನಗಳ ತೊಡಕು ಬೇರೆ ಥರದ್ದು. ಐದರಿಂದ ಏಳೂವರೆ ನಮ್ಮ ಮನೆಗಳಲ್ಲಿ ದಿನದ ಅತ್ಯಂತ ಬಿಗಿಯಾದ ಹೊತ್ತು. ನೀರಿನ ಮೋಟಾರು, ಹಾಲು, ತಿಂಡಿ, ಮಕ್ಕಳ ಡಬ್ಬಿ, ಶಾಲೆಯ ಬಸ್ಸು, ವಯಸ್ಸಾದವರ ಮಾತ್ರೆ. ಒಬ್ಬರು ಆ ಹೊತ್ತಿನಲ್ಲಿ ಓಡಲು ಹೋದರೆ ಕೆಲಸ ಮಾಯವಾಗುವುದಿಲ್ಲ, ಇನ್ನೊಬ್ಬರ ತಲೆ ಮೇಲೆ ಬೀಳುತ್ತದೆ. “ಬಂದಮೇಲೆ ಏನಾದರೂ ಇದ್ದರೆ ಹೇಳು, ಮಾಡ್ತೀನಿ” ಅನ್ನುವುದರಿಂದ ಉಪಯೋಗವಿಲ್ಲ; ಹೇಳುವುದೂ ಒಂದು ಕೆಲಸವೇ. ಒಂದೆರಡು ಕೆಲಸಗಳನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ. ತರಕಾರಿ ಹೆಚ್ಚಿ ಫ್ರಿಜ್‌ನಲ್ಲಿಡುವುದು, ಯೂನಿಫಾರ್ಮ್ ಇಸ್ತ್ರಿ, ಶಾಲೆಯ ಬ್ಯಾಗು, ಇವು ರಾತ್ರಿಯೇ ಆಗಿಹೋಗಲಿ. ನಾಲ್ಕೂ ಮುಕ್ಕಾಲಿಗೆ ಹೊರಟು ಆರಕ್ಕೆ ವಾಪಸ್ಸಾದರೆ 9ರಿಂದ 10 ಕಿ.ಮೀ. ಸಿಗುತ್ತದೆ, ಡಬ್ಬಿ ಕಟ್ಟುವ ಹೊತ್ತಿಗೆ ನೀವು ಅಡುಗೆಮನೆಯಲ್ಲಿರುತ್ತೀರಿ.

ಓಡುವವರು ಹೆಂಗಸಾದರೆ ನಾಲ್ಕೂ ಮುಕ್ಕಾಲಿನ ಕತ್ತಲೆಗೆ ಒಬ್ಬರೇ ಹೊರಡಿ ಅಂತ ಯಾರೂ ಹೇಳಲಾರರು. ಅವರು ಬೆಳಕು ಹರಿದ ಮೇಲೆ ಹೊರಡಬೇಕು. ಅಂದರೆ ಆ ಮನೆಯಲ್ಲಿ ವಾರಕ್ಕೆ ಎರಡು ದಿನ ತಿಂಡಿ ಮತ್ತು ಡಬ್ಬಿ ಪೂರ್ತಿ ಗಂಡನದ್ದೇ ಆಗಬೇಕು, ಅತ್ತೆಯದ್ದಲ್ಲ. ಈ ಒಂದು ಏರ್ಪಾಡಿಲ್ಲದೆ ಎಷ್ಟೋ ಹೆಂಗಸರ ತಯಾರಿ ಅರ್ಧಕ್ಕೇ ನಿಂತುಬಿಡುತ್ತದೆ, ಶಕ್ತಿಯ ಕೊರತೆಯಿಂದ ಅಲ್ಲ.

ಈಗ ಕ್ಯಾಲೆಂಡರ್. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ ಅಂತ ಲೆಕ್ಕ ಹಿಡಿದರೆ ಅದು 15ರಿಂದ 21ರೊಳಗೆ ಬರುತ್ತದೆ. 16 ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಕೊನೆ, ಅಂದರೆ ದಸರೆಯ ಆಸುಪಾಸಿನಲ್ಲಿ ತಯಾರಿ ಶುರು. ಕೊನೆಯ ದೊಡ್ಡ ಓಟ ಮೂರು ವಾರ ಮೊದಲು ಅಂದರೆ ತಪ್ಪದೆ ಡಿಸೆಂಬರಿನ ಕೊನೆಯ ಭಾನುವಾರವೇ ಬೀಳುತ್ತದೆ, ಕ್ರಿಸ್ಮಸ್ ಮತ್ತು ಹೊಸ ವರ್ಷದ ಪಾರ್ಟಿಗಳ ನಟ್ಟನಡುವೆ. ನಡುವೆ ದೀಪಾವಳಿ, ಕಾರ್ತಿಕದ ಮದುವೆಗಳು, ಗೃಹಪ್ರವೇಶ, ಸೀಮಂತ. ಪ್ರತಿ ನಾಲ್ಕನೇ ವಾರ ದೂರವನ್ನು ಮೂರನೇ ಒಂದರಷ್ಟು ಇಳಿಸುವುದು ಹೇಗೂ ರೂಢಿ. ಆ ಇಳಿಕೆಯ ವಾರಗಳನ್ನು ಮದುವೆ ಕಾಗದಗಳನ್ನು ಮುಂದಿಟ್ಟುಕೊಂಡು ಗುರುತಿಸಿ. ಲೆಕ್ಕ ಮೂರಕ್ಕೋ ಐದಕ್ಕೋ ಸರಿದರೂ ನಷ್ಟವಿಲ್ಲ. 30 ಕಿ.ಮೀ. ಮತ್ತು ಮೇಲಿನವು ಮೂರು ಸಾಕು. ಆ ಮೂರು ಭಾನುವಾರಗಳನ್ನು ಈಗಲೇ ಮನೆಯವರ ಜೊತೆ ಕೂತು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಊರಿನಲ್ಲಿ ಮದುವೆ ಇರುವ ಭಾನುವಾರ ಓಟ ಬಿಡಿ. ಬುಧವಾರ 14 ಕಿ.ಮೀ. ಓಡಿದ್ದರೆ ಏನೂ ಮುಳುಗುವುದಿಲ್ಲ. ತಪ್ಪಿದ ದೂರವನ್ನು ಮುಂದಿನ ವಾರಕ್ಕೆ ಸೇರಿಸಬೇಡಿ. ಮೊಣಕಾಲಿನ ಹೊರಬದಿಯ ನೋವು, ಮೀನಖಂಡದ ಸೆಳೆತ ಶುರುವಾಗುವುದು ಹೆಚ್ಚಾಗಿ ಹಾಗೆ ಸಾಲ ತೀರಿಸಲು ಹೋದಾಗಲೇ.

ಇನ್ನು ಕುಡಿತ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿತು: ಆರೋಗ್ಯಕ್ಕೆ ಹಾನಿಯೇ ಇಲ್ಲದ ಮದ್ಯದ ಪ್ರಮಾಣ ಅಂತ ಒಂದಿಲ್ಲ. ಕುಡಿಯದವರು ಓಟದ ಗೆಳೆಯರ ಒತ್ತಾಯಕ್ಕೆ ಶುರು ಮಾಡಬೇಕಾಗಿಲ್ಲ. ಕುಡಿಯುವವರು ಪೆಗ್ಗಿನ ಲೆಕ್ಕ ಬಿಟ್ಟು ಗ್ರಾಮಿನ ಲೆಕ್ಕಕ್ಕೆ ಬನ್ನಿ.

ನಮ್ಮಲ್ಲಿ ವಿಸ್ಕಿ, ರಮ್ಮಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಗಾತ್ರದ ಲೆಕ್ಕದಲ್ಲಿ ಶೇ. 42.8. ಹಾಗಾಗಿ 30 ಮಿ.ಲೀ.ನಲ್ಲಿ 10 ಗ್ರಾಂ ಆಲ್ಕೋಹಾಲ್, ನೈಂಟಿಯಲ್ಲಿ 30, 180 ಮಿ.ಲೀ.ನ ಕ್ವಾರ್ಟರಿನಲ್ಲಿ 60 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ. “ಬರೀ ಎರಡು ಬಿಯರ್” ಅಂದರೆ 82 ಗ್ರಾಂ, ಕ್ವಾರ್ಟರಿಗಿಂತ ಜಾಸ್ತಿ. ಇದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಕರಗಿಸುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ, ಯಾವುದರಿಂದಲೂ ಅದರ ವೇಗ ಹೆಚ್ಚುವುದಿಲ್ಲ. ರಾತ್ರಿ ಒಂಬತ್ತಕ್ಕೆ ಶುರುವಾದ ಎರಡು ಸ್ಟ್ರಾಂಗ್ ಬಿಯರ್ ಪೂರ್ತಿ ಇಳಿಯುವುದು ಬೆಳಿಗ್ಗೆ ಐದರಿಂದ ಒಂಬತ್ತರ ನಡುವೆ. ನಾಲ್ಕೂವರೆಗೆ ಕಾರು ತೆಗೆದರೆ ಅಮಲು ಇಳಿದಿದೆ ಅನಿಸಿದರೂ ರಕ್ತದಲ್ಲಿ ಇದ್ದೇ ಇರುತ್ತದೆ. 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಅನ್ನುವ ಕಾನೂನಿನ ಮಿತಿ ದಾಟಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಹೆಂಗಸರ ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ ಅಷ್ಟೇ ಕುಡಿದರೂ ರಕ್ತದಲ್ಲಿ ಪ್ರಮಾಣ ಏರುವುದು ಹೆಚ್ಚು.

ನಿದ್ದೆಯ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಮೊದಲರ್ಧ ಗಾಢವಾಗಿಯೇ ಇರುತ್ತದೆ. ಅಮಲು ಇಳಿಯುತ್ತಾ ಬಂದ ಹಾಗೆ ಎರಡನೇ ಅರ್ಧ ಚೂರುಚೂರಾಗುತ್ತದೆ: ಎರಡೋ ಮೂರೋ ಗಂಟೆಗೆ ಎಚ್ಚರ, ಬಾಯಾರಿಕೆ, ಮೂತ್ರ. ಮೂತ್ರವನ್ನು ತಡೆಹಿಡಿಯುವ ಹಾರ್ಮೋನನ್ನು ಆಲ್ಕೋಹಾಲ್ ಅಡಗಿಸುವುದೇ ಅದಕ್ಕೆ ಕಾರಣ. ಬೆಳಿಗ್ಗೆ ಹೃದಯ ಬಡಿತ ಎಂದಿಗಿಂತ ಮೇಲಿರುತ್ತದೆ, ಮಾಮೂಲಿ ಪೇಸ್ ಕೂಡ ಭಾರ ಅನಿಸುತ್ತದೆ. ಇಲ್ಲಿ ಓಟಗಾರರು ಮಾಡುವ ತಪ್ಪು ಒಂದೇ. ಶಕ್ತಿ ಕುಂದಿದೆ ಅಂತ ತಿಳಿದು ಇನ್ನಷ್ಟು ಕಿಲೋಮೀಟರ್ ಸೇರಿಸುತ್ತಾರೆ. ಶಕ್ತಿ ಎಲ್ಲೂ ಹೋಗಿರುವುದಿಲ್ಲ, ನಿದ್ದೆ ಹೋಗಿರುತ್ತದೆ.

ಇನ್ನೊಂದು ಅಪಾಯ ಸಕ್ಕರೆಯದ್ದು. ಆಲ್ಕೋಹಾಲ್ ಕರಗಿಸುವುದರಲ್ಲಿ ಮುಳುಗಿದ ಯಕೃತ್ತಿಗೆ ಹೊಸ ಗ್ಲೂಕೋಸ್ ತಯಾರಿಸುವ ಕೆಲಸ ಹಿಂದೆ ಬೀಳುತ್ತದೆ. ಅದರ ಮೇಲೆ ಬರೀ ಹೊಟ್ಟೆಯಲ್ಲಿ ಲಾಂಗ್ ರನ್ ಹೊರಟರೆ ತಲೆಸುತ್ತು, ನಡುಕ, ಕಣ್ಣು ಮಂಜು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಈ ಪ್ರಯೋಗಕ್ಕೆ ಹೋಗಲೇಬಾರದು.

ಓಡಿದ ಮೇಲೆ ಕುಡಿದರೆ ಏನಾಗುತ್ತದೆ ಅಂತಲೂ ಕೇಳುತ್ತಾರೆ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಎಂಟು ಗಂಡಸರಿಗೆ ಕಠಿಣ ವ್ಯಾಯಾಮದ ನಂತರ ಪ್ರತಿ ಕೆ.ಜಿ. ತೂಕಕ್ಕೆ 1.5 ಗ್ರಾಂ ಆಲ್ಕೋಹಾಲ್ ಕೊಟ್ಟು ನೋಡಿದರು. ಪ್ರೋಟೀನ್ ಜೊತೆಯಲ್ಲೇ ಕೊಟ್ಟಿದ್ದರೂ ಸ್ನಾಯು ದುರಸ್ತಿಗೆ ಬೇಕಾದ ಪ್ರೋಟೀನ್ ಕಟ್ಟುವ ಕೆಲಸ ಶೇ. 24ರಷ್ಟು ಕುಗ್ಗಿತ್ತು. ನೆನಪಿಡಿ, 70 ಕೆ.ಜಿ. ಮನುಷ್ಯನಿಗೆ ಅದು 105 ಗ್ರಾಂ, ಭಾರಿ ಪ್ರಮಾಣ. ಒಂದು ಪೆಗ್ಗಿಗೆ ಇದೇ ಲೆಕ್ಕ ಹಚ್ಚಿ ಹೆದರಿಸುವುದು ಸರಿಯಲ್ಲ. ಬಿಯರ್ ನೀರಿನಂಶ ತುಂಬುತ್ತದೆ ಅನ್ನುವ ಮಾತೂ ಇದೆ. ಶೇ. 2ರಷ್ಟು ತೆಳುವಾಗಿದ್ದರೆ ಅಂಥ ವ್ಯತ್ಯಾಸವಿಲ್ಲ, ಶೇ. 4ರ ಹೊತ್ತಿಗೆ ಕುಡಿದ ನೀರು ಮೂತ್ರವಾಗಿ ಹೋಗುವುದು ಹೆಚ್ಚುತ್ತದೆ. ನಮ್ಮ ಸ್ಟ್ರಾಂಗ್ ಬಿಯರ್ ಅದರ ಎರಡರಷ್ಟು. ಎಳನೀರಿನಲ್ಲೂ ಸೋಡಿಯಂ ಕಡಿಮೆ, ಚಿಟಿಕೆ ಉಪ್ಪು ಬೇಕು. ಓಟದ ಮುಂಚೆ, ಆಮೇಲೆ ತೂಕ ನೋಡಿ. ಇಳಿದ ಪ್ರತಿ ಕೆ.ಜಿ.ಗೆ ಒಂದೂಕಾಲರಿಂದ ಒಂದೂವರೆ ಲೀಟರ್ ದ್ರವವನ್ನು, ಅದರಲ್ಲಿ ಒಂದಿಷ್ಟು ಓಆರ್‌ಎಸ್ ಸೇರಿಸಿ, ಮೂರ್ನಾಲ್ಕು ಗಂಟೆಗಳಲ್ಲಿ ಕುಡಿಯಿರಿ.

ಮ್ಯಾರಥಾನ್‌ನಲ್ಲಿ ಮದ್ಯವನ್ನು ಮದ್ದು ಅಂತ ನಂಬಿದ ಕಾಲವೂ ಇತ್ತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಬ್ರಾಂದಿ, ಮೊಟ್ಟೆಯ ಬಿಳಿ, ಜೊತೆಗೆ ಸ್ಟ್ರಿಕ್ನೈನ್ ಎಂಬ ವಿಷ ಕೊಟ್ಟಿದ್ದರು. ಗುರಿ ಮುಟ್ಟುವಾಗ ಅವರಿಗೆ ನಿಲ್ಲುವ ಶಕ್ತಿಯೂ ಇರಲಿಲ್ಲ.

ನಮ್ಮ ಸಲಹೆ ಇದು. ಲಾಂಗ್ ರನ್‌ಗೆ ಮುಂಚಿನ 36 ಗಂಟೆ ಪೂರ್ತಿ ಬಿಡಿ, ಅಂದರೆ ಶುಕ್ರವಾರ ಸಂಜೆಯಿಂದಲೇ. ಕುಡಿಯುವುದೇ ಆದರೆ ಮಾರನೇ ದಿನ ಓಟವಿಲ್ಲದ ಸಂಜೆ, 20 ಗ್ರಾಂ ಒಳಗೆ, ಮನೆಯವರ ಜೊತೆಗಿನ ಊಟದ ಹೊತ್ತಿನಲ್ಲೇ. ಮಲಗುವ ಮೂರು ಗಂಟೆ ಮುಂಚೆ ಮುಗಿಸಿ. ವಾರವಿಡೀ ಬಿಟ್ಟು ಒಂದೇ ರಾತ್ರಿ ಕೂಡಿಸಿ ಕುಡಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಶನಿವಾರ ತಪ್ಪಿ ಕುಡಿದಿದ್ದರೆ ಬೆಳಗಿನ 30 ಕಿ.ಮೀ. ರದ್ದು ಮಾಡಿ ನಿದ್ದೆ ಮಾಡಿ. ಸಂಜೆ 8 ಕಿ.ಮೀ. ನಿಧಾನಕ್ಕೆ ಓಡಿದರೆ ಸಾಕು. ತಲೆನೋವಿಗೆ ಐಬುಪ್ರೊಫೆನ್ ನುಂಗಿ ಓಡಲು ಹೋಗಬೇಡಿ. ನೀರಿಳಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು, ಹೊಟ್ಟೆಗೂ ಕೆಟ್ಟದ್ದು.

ಕೊನೆಯದು ಗಂಭೀರವಾದ ಮಾತು. ವಾರಕ್ಕೆ 60 ಕಿ.ಮೀ. ಓಡುವವರನ್ನು ನೋಡಿ “ಇವರಿಗೇನು, ಗಟ್ಟಿಮುಟ್ಟಾಗಿದ್ದಾರೆ” ಅಂತ ಎಲ್ಲರೂ ಅನ್ನುತ್ತಾರೆ. ಅದೇ ಮಾತು ದಿನವೂ ಕುಡಿಯುವುದಕ್ಕೆ ಮರೆಯಾಗುತ್ತದೆ. ಬೆಳಗು ಓಟಕ್ಕೆ, ಸಂಜೆ ಗ್ಲಾಸಿಗೆ ಹೋದರೆ ಮಕ್ಕಳ ಪಾಲಿಗೆ ಏನೂ ಉಳಿಯುವುದಿಲ್ಲ. ಇದು ಮೊದಲು ಕಾಣುವುದು ಮನೆಯವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಇಬ್ಬರೂ ಕೂತು ಪ್ರಾಮಾಣಿಕವಾಗಿ ತುಂಬಿ. ಅಂಕ 8 ಅಥವಾ ಮೇಲಿದ್ದರೆ ಓಟದ ಕೋಚ್ ಅಲ್ಲ, ವೈದ್ಯರು ಬೇಕು. ದಿನವೂ ಹೆಚ್ಚು ಕುಡಿಯುವವರು ಮ್ಯಾರಥಾನ್ ನೆಪದಲ್ಲಿ ಒಂದೇ ಏಟಿಗೆ ತಾವಾಗಿಯೇ ಬಿಡಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಆಮೇಲೆ ಒಂದೆರಡು ದಿನದಲ್ಲಿ ಬುದ್ಧಿಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಔಷಧಿಯ ಆಸರೆಯಲ್ಲಿ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರೂ ಕರೆ ಮಾಡಬಹುದು.

ಈಗ ನಿಮ್ಮ ಪ್ರಶ್ನೆಗಳು. ಮನೆಯಲ್ಲಿ ಉಳಿಯುವವರು ಮೊದಲು ಕೇಳಿ.