ಜೂನ್ 5ಕ್ಕೆ ಗಿಡ ನೆಡಬೇಡಿ! ದುರ್ಗದ ಬೋಳು ಗುಡ್ಡಕ್ಕೆ ಬೇರೆಯೇ ಲೆಕ್ಕ

[ದೃಶ್ಯ: ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವ ಹೆದ್ದಾರಿ. ಪಕ್ಕದಲ್ಲಿ ಬೋಳು ಗುಡ್ಡ, ಅದರ ನೆತ್ತಿ ಮೇಲೆ ಸಾಲಾಗಿ ತಿರುಗುವ ಗಾಳಿ ಫ್ಯಾನುಗಳು.]

ನಿರೂಪಣೆ:
ನಮಸ್ಕಾರ. ಜೂನ್ 5 ಬಂತು ಅಂದ್ರೆ ಊರೂರಲ್ಲೂ ಗಿಡ ನೆಡುವ ಫೋಟೋ. ಗಿಡ ಒಂದು, ಹಿಡಿದುಕೊಂಡವರು ಹತ್ತು ಜನ. ಮುಂದಿನ ಮಾರ್ಚ್‌ನಲ್ಲಿ ಅದೇ ಜಾಗಕ್ಕೆ ಹೋಗಿ ನೋಡಿ. ಗುಂಡಿ ಸಿಗುತ್ತದೆ, ಗಿಡ ಸಿಗುವುದಿಲ್ಲ.

ಪರಿಸರ ದಿನದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಜಗಳೂರು ಸೀಮೆಯಲ್ಲಿ ಆ ಹೊತ್ತಿಗೆ ನಂಬುವಂಥ ಮಳೆ ಇರುವುದಿಲ್ಲ. ಜೂನ್, ಜುಲೈ ತಿಂಗಳಲ್ಲಿ ಮಲೆನಾಡಿಗೆ ಮಳೆ ಸುರಿಸಿ ಹಗುರಾದ ಮೋಡ ನಮ್ಮ ತಲೆ ಮೇಲೆ ಸುಮ್ನೆ ದಾಟಿ ಹೋಗುತ್ತದೆ. ನಮಗೆ ಸಿಗುವುದು ಬರೀ ಗಾಳಿ. ಆ ಗಾಳಿ ಎಷ್ಟು ಜೋರು ಅನ್ನುವುದಕ್ಕೆ ಗುಡ್ಡದ ಮೇಲಿನ ಫ್ಯಾನುಗಳೇ ಸಾಕ್ಷಿ. ಈಗಷ್ಟೇ ಬೇರು ಬಿಡಬೇಕಾದ ಎಳೆ ಸಸಿ ಅದರಲ್ಲಿ ಹಗಲೆಲ್ಲ ಅಲ್ಲಾಡಿ ಒಣಗುತ್ತದೆ.

ಇಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ರೈತರ ಲೆಕ್ಕದಲ್ಲಿ ಹೇಳಬೇಕು ಅಂದ್ರೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ವರ್ಷಕ್ಕೆ ಬೀಳುವ ಒಟ್ಟು ಮಳೆ 500 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಈ ಎರಡು ತಿಂಗಳದ್ದೇ. ಹೊಳಲ್ಕೆರೆ, ಚನ್ನಗಿರಿ, ಹೊನ್ನಾಳಿಯವರಿಗೆ ಈ ಮಾತು ಅಷ್ಟು ಅನ್ವಯಿಸುವುದಿಲ್ಲ. ಅವರು ಆರಿದ್ರಾ ಮಳೆಗೇ ನೆಡಬಹುದು. ಪೂರ್ವದ ಚಳ್ಳಕೆರೆ, ಹಿರಿಯೂರು ಕಡೆಯವರು ಮಘೆ, ಹುಬ್ಬೆವರೆಗೆ, ಅಂದ್ರೆ ಆಗಸ್ಟ್ ಕೊನೆವರೆಗೆ ಕೈ ಕಟ್ಟಿ ಕೂರುವುದೇ ವಾಸಿ.

ಹಾಗಂತ ಅಲ್ಲಿಯವರೆಗೆ ಕೆಲಸ ಇಲ್ಲ ಅಂತಲ್ಲ. ಮೊದಲ ಕೆಲಸ ನೆಲ ನೋಡುವುದು.

[ದೃಶ್ಯ: ಗುಡ್ಡದ ಇಳಿಜಾರು. ಕಲ್ಲಿನ ನಡುವೆ ಒಂದು ಬೊಡ್ಡೆ. ಅದರ ಸುತ್ತ ಹತ್ತಾರು ಸಣ್ಣ ಚಿಗುರು.]

ನಿರೂಪಣೆ:
ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ದಿಂಡಿಗ ಅನ್ನುವ ಕಾಡುಮರದ ಬೊಡ್ಡೆ. ಯಾರೋ ಎಂದೋ ಸೌದೆಗೆ ಕಡಿದದ್ದು. ಮೇಲೆ ಮರ ಇಲ್ಲ, ಆದರೆ ಕೆಳಗೆ ಬೇರು ಬದುಕಿದೆ. ಪ್ರತಿ ಮಳೆಗಾಲಕ್ಕೂ ಚಿಗುರುತ್ತದೆ, ಪ್ರತಿ ಬೇಸಿಗೆಗೂ ಯಾರೋ ಕಡಿಯುತ್ತಾರೆ ಅಥವಾ ದನ ಮೇಯುತ್ತದೆ. ಹಾಗಾಗಿ ಮೊಣಕಾಲೆತ್ತರ ದಾಟಿಲ್ಲ. ಇದರ ಪಕ್ಕದಲ್ಲೇ ಗುಂಡಿ ತೋಡಿ ನರ್ಸರಿ ಗಿಡ ನೆಟ್ಟರೆ ಅದು ದುಡ್ಡು ದಂಡ. ಈ ಚಿಗುರುಗಳಲ್ಲಿ ನೆಟ್ಟಗಿರುವ ಎರಡೋ ಮೂರೋ ಉಳಿಸಿ, ಮಿಕ್ಕದ್ದನ್ನು ಚೂಪು ಕತ್ತಿಯಿಂದ ಸವರಿ, ಸುತ್ತ ಮುಳ್ಳು ಹಾಕಿ. ಬೇರು ಹಳೆಯದು, ಆಳಕ್ಕೆ ಹೋಗಿ ಆಗಿದೆ. ಹೊಸ ಸಸಿ ಇದರ ಓಟಕ್ಕೆ ಸಮ ಬರುವುದಿಲ್ಲ. ಆಫ್ರಿಕಾದ ನೈಜರ್ ದೇಶದಲ್ಲಿ 1980ರ ದಶಕದಿಂದ ರೈತರು ಹೀಗೆ ಬೊಡ್ಡೆ ಚಿಗುರನ್ನೇ ಕಾಪಾಡಿಕೊಂಡು ಸುಮಾರು 50 ಲಕ್ಷ ಹೆಕ್ಟೇರ್ ನೆಲದಲ್ಲಿ ಮತ್ತೆ ಮರ ಎಬ್ಬಿಸಿದರು. ಬಹುಪಾಲು ನೆಡದೆ!

ಇನ್ನೊಂದು ಥರದ ನೆಲ ಇದೆ. ಅಲ್ಲಿ ದಯವಿಟ್ಟು ಗುದ್ದಲಿ ಎತ್ತಬೇಡಿ.

[ದೃಶ್ಯ: ಚಳ್ಳಕೆರೆ ಕಡೆಯ ಬಯಲು. ಗಾಳಿಗೆ ಬಾಗುವ ಕರಡದ ಹುಲ್ಲು.]

ನಿರೂಪಣೆ:
ಇದು ಕಾವಲು. ಅಮೃತಮಹಲ್ ದನಗಳಿಗೆ ಅಂತ ಮೈಸೂರು ಅರಸರ ಕಾಲದಿಂದ ಬಿಟ್ಟ ಹುಲ್ಲುಗಾವಲು. ನೋಡುವವರಿಗೆ ಖಾಲಿ ಜಾಗ ಅನಿಸುತ್ತದೆ. ಖಾಲಿ ಕಂಡ ತಕ್ಷಣ ಗಿಡ ನೆಡುವ ಆಸೆ ಹುಟ್ಟುತ್ತದೆ, ಅಲ್ವಾ? ಆದರೆ ಇಲ್ಲಿ ಯಾರೂ ಕಾಡು ಕಡಿದಿಲ್ಲ. ಹುಲ್ಲೇ ಇಲ್ಲಿನ ಕಾಡು. ಕೃಷ್ಣಮೃಗ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು, ಕುರಿ ಕಾಯುವವರ ಬದುಕು, ಎಲ್ಲ ಈ ಹುಲ್ಲಿನ ಮೇಲೆ ನಿಂತಿದೆ. ಇಲ್ಲಿ ಮರ ನೆಟ್ಟರೆ ಇರುವುದನ್ನು ಕೆಡಿಸಿದ ಹಾಗೆ.

ಹಾಗಾದರೆ ನಮ್ಮೂರ ಗುಡ್ಡದಲ್ಲಿ ಮೊದಲು ಏನಿತ್ತು? ಊರಿನ ಹಿರಿಯರನ್ನು ಕೇಳಿ. ಇನ್ನೊಂದು ದಾರಿ, ಹತ್ತಿರದಲ್ಲಿ ಉಳಿದಿರುವ ಕಾಡನ್ನು ನೋಡುವುದು. ದುರ್ಗದವರಿಗೆ ಜೋಗಿಮಟ್ಟಿ ಇದೆ. ದಾವಣಗೆರೆ ಜಿಲ್ಲೆಯವರಿಗೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಇದೆ. ಕೊಂಡುಕುರಿಗೆ, ಅಂದ್ರೆ ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿಗೆ ಅಂತಲೇ 2011ರಲ್ಲಿ ಅಭಯಾರಣ್ಯ ಆದ ಜಾಗ ಅದು. ಅರಣ್ಯ ಇಲಾಖೆ ಅನುಮತಿ ಪಡೆದು ಒಂದು ಸುತ್ತು ಹಾಕಿ ಬನ್ನಿ. ಈ ಸೀಮೆಯ ಒಣ ಕಾಡಿನ ಗಿಡಗಳು ಅಂದ್ರೆ ಕಮರ, ದಿಂಡಿಗ, ಕಗ್ಗಲಿ, ಮುತ್ತುಗ, ಕಕ್ಕೆ, ಎಲಚಿ. ಗುಲ್‌ಮೊಹರ್ ಚೆಂದವೇ, ಆದರೆ ಅದು ಪಾರ್ಕಿಗಿರಲಿ. ನೀಲಗಿರಿಯ ಮಾತೇ ಬೇಡ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿತ್ತು.

ಗಣಿ ನೆಲದ ಕಥೆ ಬೇರೆ. ಭೀಮಸಮುದ್ರದ ಕಡೆ ಕಬ್ಬಿಣದ ಅದಿರು ತೆಗೆದ ಗುಡ್ಡಗಳನ್ನು ನೀವು ನೋಡಿರಬಹುದು. ಅಲ್ಲಿ ಮೇಲ್ಮಣ್ಣೇ ಇಲ್ಲ, ಇರುವುದು ಸುರಿದ ಕಲ್ಲುಪುಡಿಯ ರಾಶಿ. ಮಳೆ ಬಂದರೆ ರಾಶಿಯೇ ಜರಿದು ಹೊಲಕ್ಕೆ ಬರುತ್ತದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಕೊಟ್ಟು ಅದರಂತೆ ನಡೆಯಲೇಬೇಕು ಎಂದಿತು. ಇಂಥ ಕಡೆ ಮೊದಲು ಕಲ್ಲಿನ ತಡೆ, ಆಮೇಲೆ ಲಾವಂಚ, ಹುಲ್ಲು, ತಂಗಡಿ. ಮರ ಕೊನೆಗೆ. ಇದು ಭಾನುವಾರ ಸಲಿಕೆ ಹಿಡಿದು ಹೋಗುವ ಗೆಳೆಯರ ಗುಂಪಿನ ಕೆಲಸ ಅಲ್ಲ ಅಂತ ನನ್ನ ಅಭಿಪ್ರಾಯ. ಅಗೆದವರೇ ಮಾಡಬೇಕು.

[ದೃಶ್ಯ: ಏಪ್ರಿಲ್ ಬಿಸಿಲು. ಇಬ್ಬರು ಹಾರೆ ಹಿಡಿದು ಗರಸು ನೆಲ ಅಗೆಯುತ್ತಿದ್ದಾರೆ. ಹಾರೆ ಕಲ್ಲಿಗೆ ತಾಗಿದ ಸದ್ದು.]

ಪರದೆ ಮೇಲೆ: ಗುಂಡಿ ತೋಡುವುದು ಬೇಸಿಗೆಯಲ್ಲಿ

ನಿರೂಪಣೆ:
ಈಗ ಗುಂಡಿ. ಇಳಿಜಾರಿನಲ್ಲಿ ಎಲ್ಲಿ ಬೇಕೋ ಅಲ್ಲಿ ತೋಡುವ ಹಾಗಿಲ್ಲ. ಒಂದೇ ಮಟ್ಟದಲ್ಲಿ ಅಡ್ಡಕ್ಕೆ ಸಾಲು ಬರಬೇಕು. ಮಟ್ಟ ಹಿಡಿಯಲು ಮಷಿನ್ ಬೇಡ. ಆರಡಿಯ ಎರಡು ಕೋಲು ತಗೊಳ್ಳಿ. ತುದಿ ಸೇರಿಸಿ ಕಟ್ಟಿ, ಕಾಲು ಅಗಲಿಸಿ ನಡುವೆ ಒಂದು ಅಡ್ಡಕೋಲು ಕಟ್ಟಿ. ತುದಿಯಿಂದ ದಾರ ಇಳಿಬಿಟ್ಟು ಅದಕ್ಕೊಂದು ಕಲ್ಲು ಕಟ್ಟಿ. ನೆಲದ ಮೇಲೆ ನಿಲ್ಲಿಸಿ, ದಾರ ಅಡ್ಡಕೋಲನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಗೀರು ಹಾಕಿ. ಎರಡೂ ಕಾಲಿನ ಜಾಗ ಅದಲು ಬದಲು ಮಾಡಿ ಇನ್ನೊಂದು ಗೀರು ಹಾಕಿ. ಎರಡರ ನಡುಮಧ್ಯೆ ಇರುವುದೇ ಮಟ್ಟದ ಗುರುತು. ಆಮೇಲೆ ಗುಡ್ಡದಲ್ಲಿ ಒಂದು ಕಾಲು ಊರಿ, ದಾರ ಆ ಗುರುತಿಗೆ ಬರುವವರೆಗೆ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸುತ್ತಾ ಹೋಗಿ. ಹಾದ ಕಡೆಯೆಲ್ಲ ಕಲ್ಲಿಡಿ. ಸಾಲು ಸಿದ್ಧ.

ಗುಂಡಿ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಅದರಲ್ಲಿ ಸುಮಾರು 95 ಲೀಟರ್ ನೀರು ಹಿಡಿಯುತ್ತದೆ. ಅಗೆದ ಮಣ್ಣನ್ನು ಕೆಳಬದಿಗೆ ಅರ್ಧಚಂದ್ರದ ಹಾಗೆ ಬದು ಕಟ್ಟಿ. ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಜಾಗಕ್ಕೆ ನೇರವಾಗಿ ಕೆಳಗಿನ ಸಾಲಿನ ಗುಂಡಿ ಬರಲಿ. ಒಂದು ತಪ್ಪಿಸಿಕೊಂಡ ನೀರು ಇನ್ನೊಂದಕ್ಕೆ ಸಿಗುತ್ತದೆ. ಒಂದು ಗುಂಡಿಗೆ ಮೇಲಿನಿಂದ ಹತ್ತು ಚದರ ಮೀಟರ್ ಜಾಗದ ನೀರು ಹರಿದು ಬರುತ್ತದೆ ಅಂದುಕೊಳ್ಳಿ. 20 ಮಿಲಿಮೀಟರ್ ಮಳೆ ಬಂದರೆ ಅಷ್ಟು ಜಾಗದಲ್ಲಿ ಬೀಳುವುದು 200 ಲೀಟರ್. ಅರ್ಧ ಅಲ್ಲಲ್ಲೇ ಇಂಗಿದರೂ ಗುಂಡಿ ತುಂಬುತ್ತದೆ. ಮೇ ತಿಂಗಳ ಒಂದು ಜೋರು ಮಳೆ ಸಾಕು, ಗುಂಡಿಯ ಗೋಡೆ ಮೆತ್ತಗಾಗುತ್ತದೆ.

ಬೇಸಿಗೆಯಲ್ಲೇ ಯಾಕೆ ತೋಡಬೇಕು ಅನ್ನುವುದಕ್ಕೆ ಬುರ್ಕಿನಾ ಫಾಸೊ ದೇಶದ ರೈತ ಯಾಕೂಬಾ ಸವಾಡೊಗೊ ಅವರ ಕೆಲಸ ನೋಡಬೇಕು. 1980ರ ಸುಮಾರಿಗೆ, ಬರ ಬಿದ್ದು ಗಟ್ಟಿಯಾದ ನೆಲದಲ್ಲಿ ಅವರು ಒಣಗಾಲದಲ್ಲೇ ಕೈಯಿಂದ ಗುಂಡಿ ತೋಡಿ ಗೊಬ್ಬರ ತುಂಬಿದರು. ಊರಿನವರು ಇವನಿಗೆ ಹುಚ್ಚು ಅಂದರು. ಗೊಬ್ಬರಕ್ಕೆ ಗೆದ್ದಲು ಬಂತು. ಗೆದ್ದಲು ನೆಲದೊಳಗೆ ಸಣ್ಣ ಸಣ್ಣ ಬಿಲ ಕೊರೆಯಿತು. ಮಳೆ ಬಂದಾಗ ನೀರು ಆ ಬಿಲಗಳಲ್ಲಿ ಇಳಿಯಿತು. ಗೊಬ್ಬರದಲ್ಲಿದ್ದ ಮರದ ಬೀಜಗಳೂ ಮೊಳೆತವು. ಅವನ್ನು ಕೀಳದೆ ಉಳಿಸಿಕೊಂಡರು, ವರ್ಷಗಳು ಕಳೆದು ಅದು ಕಾಡಾಯಿತು. ಪರ್ಯಾಯ ನೊಬೆಲ್ ಎಂದು ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ 2018ರಲ್ಲಿ ಅವರಿಗೆ ಬಂತು.

ನಮ್ಮಲ್ಲೂ ಗೆದ್ದಲಿಗೇನು ಬರವಿಲ್ಲ. ನೆಡುವ ದಿನ ಹಸಿ ಸಗಣಿ ಹಾಕಿದರೆ ಅದು ಸಸಿಯ ಬೇರಿಗೇ ಬರುತ್ತದೆ. ಆದ್ದರಿಂದ ಚೆನ್ನಾಗಿ ಕಳಿತ ಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ.

[ದೃಶ್ಯ: ಆಗಸ್ಟ್ ಕೊನೆ. ಒಬ್ಬರು ಗುಂಡಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಮಣ್ಣು ತೆಗೆದು, ಮುಷ್ಟಿಯಲ್ಲಿ ಹಿಸುಕಿ ನೋಡುತ್ತಾರೆ. ಮಣ್ಣು ಉಂಡೆ ಕಟ್ಟುತ್ತದೆ.]

ನಿರೂಪಣೆ:
ಉಂಡೆ ಕಟ್ಟಿತು. ಇವತ್ತು ನೆಡಬಹುದು.

ಸಸಿ ಆರಿಸುವಾಗ ಎಲ್ಲರ ಕಣ್ಣು ಎತ್ತರದ ಗಿಡದ ಮೇಲೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ನಿಜ. ಗುಡ್ಡದ ಗಾಳಿಗೆ ಮೊದಲು ಬೀಳುವುದೂ ಅದೇ. ಗಿಡ್ಡಗಿದ್ದು ಕಾಂಡ ದಪ್ಪ ಇರುವುದನ್ನು ತನ್ನಿ. ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಅಷ್ಟು ಭಾಗ ಕತ್ತರಿಸಿ, ಇಲ್ಲದಿದ್ದರೆ ನೆಲದೊಳಗೂ ಅದು ಸುತ್ತುತ್ತಲೇ ಇರುತ್ತದೆ. ಸಸಿ ಚೀಲದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ಇಡಿ. ಮಣ್ಣು ತುಂಬಿ, ಕಾಲಿನಿಂದ ಮೆಟ್ಟಿ. ಗುಂಡಿ ಮೂರ್ನಾಲ್ಕು ಇಂಚು ತಗ್ಗಾಗಿಯೇ ಇರಲಿ. ಬುಡದ ಸುತ್ತ ಚಪ್ಪಟೆ ಕಲ್ಲು ಜೋಡಿಸಿ. ತೇವ ಆರುವುದಿಲ್ಲ. ಕಲ್ಲಿಗೆ ದುರ್ಗದಲ್ಲಿ ಬರ ಉಂಟೇ! ಚೀಲಗಳನ್ನು ಮಾತ್ರ ವಾಪಸ್ ತನ್ನಿ.

ಕಮರಕ್ಕೆ ಈ ಕ್ರಮ ಅಷ್ಟು ಒಗ್ಗುವುದಿಲ್ಲ. ಅದರ ತಾಯಿಬೇರು ಬೇಗ ಆಳಕ್ಕೆ ಓಡುತ್ತದೆ, ಚೀಲದಲ್ಲಿ ನಿಲ್ಲುವುದಿಲ್ಲ. ಬೀಜವನ್ನೇ ಗುಂಡಿಗೆ ಹಾಕುವುದು ಒಳ್ಳೆಯದು. ಮೊದಲ ಕೆಲವು ವರ್ಷ ಬೇಸಿಗೆಯಲ್ಲಿ ಅದರ ಕುಡಿ ಒಣಗುವುದುಂಟು. ಸತ್ತಿತು ಅಂತ ಕೀಳಬೇಡಿ, ಬೇರು ಕೆಳಗೆ ಹೋಗುತ್ತಾ ಇರುತ್ತದೆ. ಬೇವಿನ ಬೀಜ ಕೆಲವೇ ವಾರಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣು ಉದುರಿದ ಕಾಲದಲ್ಲೇ ಬಿತ್ತಿಬಿಡಿ. ಬೀಜದುಂಡೆ ಬಗ್ಗೆ ತುಂಬ ಜನ ಕೇಳುತ್ತೀರಿ. ಬಂಡೆ ಮೇಲೆ ಎಸೆದದ್ದು ಇರುವೆಗೆ ಊಟ. ಮುಳ್ಳುಪೊದೆಯ ಒಳಗೆ ಕೈಯಾರೆ ಇಟ್ಟದ್ದಕ್ಕೆ ನೆರಳೂ ಉಂಟು, ಬೇಲಿಯೂ ಉಂಟು.

ಬೇಲಿ ಅಂದ ಮೇಲೆ ಆಡಿನ ಮಾತು ಬರಲೇಬೇಕು. "ಆಡು ಮುಟ್ಟದ ಸೊಪ್ಪಿಲ್ಲ" ಅನ್ನುತ್ತೇವೆ. ಆಡು ಕಾಯುವವರನ್ನೇ ಕೇಳೋಣ.

[ದೃಶ್ಯ: ಕಂಬಳಿ ಹೊದ್ದ ಹಿರಿಯರೊಬ್ಬರು, ಹಿಂದೆ ಆಡಿನ ಹಿಂಡು.]

ನಿರೂಪಕ: ಅಜ್ಜಾ, ಆಡು ಯಾವ ಗಿಡಕ್ಕೆ ಬಾಯಿ ಹಾಕಲ್ಲ?
ಅಜ್ಜ: ಸೀತಾಫಲ ಮುಟ್ಟಲ್ಲ ಕಣಪ್ಪ. ತಂಗಡಿನೂ ಅಷ್ಟೇ. ಹೊಂಗೆ ಮೂಸಿ ನೋಡಿ ಬಿಡ್ತವೆ.
ನಿರೂಪಕ: ಬೇವು?
ಅಜ್ಜ: ಬರಗಾಲ್ದಾಗೆ ಏನ್ ಬಿಡ್ತವೆ! ಮುಳ್ಳು ಹಾಕ್ರಪ್ಪ, ಮುಳ್ಳು.

ನಿರೂಪಣೆ:
ಗುಡ್ಡದ ಅಂಚಿನ ಸಾಲುಗಳಿಗೆ ಸೀತಾಫಲ, ಹೊಂಗೆ, ತಂಗಡಿ ಹಾಕಿ, ಆಡು ಇಷ್ಟಪಡುವುದನ್ನು ಒಳಗೆ ಹಾಕಿ. ಮುಳ್ಳಿಗೆ ಬಳ್ಳಾರಿ ಜಾಲಿ ಬೇಕಾದಷ್ಟಿದೆ. ಕಾಯಿ ಇರುವ ಕೊಂಬೆ ಮಾತ್ರ ತರಬೇಡಿ. ಕುರಿ, ಆಡು ಆ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತವೆ. ಇಡೀ ಗುಡ್ಡದ ಜಾಲಿಯನ್ನು ಜೆಸಿಬಿಯಿಂದ ಒಂದೇ ಸಲ ಕಿತ್ತು ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಸಡಿಲವಾದ ಮಣ್ಣು ಮೊದಲ ಮಳೆಗೇ ಕೆರೆ ಸೇರುತ್ತದೆ. ಗುಂಡಿಯ ಸುತ್ತ ಇರುವುದನ್ನು ಈ ವರ್ಷ ತೆಗೆಯಿರಿ, ಮಿಕ್ಕದ್ದು ಗಿಡ ಎದ್ದ ಮೇಲೆ. ಆಡಿನವರ ಜೊತೆ ಜಗಳಕ್ಕಂತೂ ಹೋಗಬೇಡಿ. ಯಾವ ಭಾಗ ಎರಡು ವರ್ಷ ಬಿಡಬೇಕು, ಯಾವ ಭಾಗದಲ್ಲಿ ಮೇಯಿಸಬಹುದು ಅಂತ ಅವರ ಜೊತೆ ಕೂತು ಮೊದಲೇ ಮಾತಾಡಿ.

ಇನ್ನು ಬೇಸಿಗೆ. ಫೆಬ್ರವರಿಯಿಂದ ಮೇವರೆಗೆ ಹದಿನೈದು ದಿನಕ್ಕೊಂದು ಕೊಡ ನೀರು ಅಂದುಕೊಂಡರೂ 200 ಗಿಡಕ್ಕೆ ಪ್ರತಿ ಸಲ 200 ಕೊಡ. ಗುಡ್ಡಕ್ಕೆ ಹೊರುವವರು ಯಾರು? ಈ ಲೆಕ್ಕವನ್ನು ಏಪ್ರಿಲ್‌ನಲ್ಲಿ, ಹಾರೆ ಎತ್ತುವ ಮೊದಲೇ ಹಾಕಿ. 40 ಗಿಡಕ್ಕೆ ಮಾತ್ರ ಆಗುತ್ತದೆ ಅಂದ್ರೆ 40 ಗುಂಡಿಯನ್ನೇ ತೋಡಿ. ಬುಡದ ಪಕ್ಕ ಹಳೆಯ ಮಡಕೆ ಹೂತು ನೀರು ತುಂಬಿ, ಮೇಲೆ ಕಲ್ಲು ಮುಚ್ಚಿ. ಜಿನುಗಿದ ನೀರು ಬೇರಿಗೇ ಹೋಗುತ್ತದೆ. ಬೆಂಕಿ ಭಯ ಇರುವ ಕಡೆ ಸಂಕ್ರಾಂತಿ ಕಳೆದ ಮೇಲೆ ಸುತ್ತಲಿನ ಒಣಹುಲ್ಲು ಕೊಯ್ದು, ಬೆಂಕಿ ದಾಟದ ಹಾಗೆ ಬರೀ ನೆಲದ ಪಟ್ಟಿ ಬಿಡಿ. ಎರಡನೇ ಬೇಸಿಗೆಗೂ ಇದೇ ಕೆಲಸ ಇದೆ. ಮೊದಲ ವರ್ಷದ ಹುಮ್ಮಸ್ಸು ಆಗ ಯಾರಿಗೂ ಇರುವುದಿಲ್ಲ, ಗಿಡ ಜಾಸ್ತಿ ಹೋಗುವುದೂ ಆಗಲೇ.

ಕೊನೆಗೆ ಕಾಗದದ ಮಾತು. ಗುಡ್ಡ ಅರಣ್ಯ ಇಲಾಖೆಯದ್ದಾದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ. ಊರಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅವರನ್ನು ಸೇರಿಸಿಕೊಳ್ಳಿ. ಗೋಮಾಳ ಆದರೆ ಪಂಚಾಯಿತಿಯಲ್ಲಿ ಕೇಳಿ. ಸ್ವಂತ ಹೊಲದ ಬದುವಿಗೆ ನೆಡುವವರಿಗೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಇಲಾಖೆ ನರ್ಸರಿಯಿಂದ ಕಡಿಮೆ ದರಕ್ಕೆ ಸಸಿ ಕೊಡುತ್ತಾರೆ, ಮೂರು ವರ್ಷ ಬಂದು ಎಣಿಸುತ್ತಾರೆ, ಬದುಕಿರುವ ಗಿಡಕ್ಕೆ ದುಡ್ಡು ಕೊಡುತ್ತಾರೆ. ಸತ್ತದ್ದಕ್ಕೆ ಇಲ್ಲ. ನನಗೆ ಈ ಯೋಜನೆಯಲ್ಲಿ ಹಿಡಿಸಿದ್ದೇ ಅದು.

ನಿಮ್ಮೂರ ಗುಡ್ಡ ಯಾವುದು, ಅಲ್ಲಿ ಬೊಡ್ಡೆ ಚಿಗುರು ಇದೆಯೋ ಇಲ್ಲವೋ, ನೋಡಿಕೊಂಡು ಬಂದು ಕೆಳಗೆ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಹುಣಸೆ, ಹೊಂಗೆ, ಕಕ್ಕೆ ಬೀಜ ಮನೆಯಲ್ಲೇ ಮೊಳಕೆ ಬರಿಸುವುದು ಹೇಗೆ ಅಂತ ತೋರಿಸುತ್ತೇನೆ. ಕಕ್ಕೆ ಬೀಜದ ಸಿಪ್ಪೆ ತುಂಬ ಗಟ್ಟಿ, ಅದಕ್ಕೆ ಒಂದು ಉಪಾಯ ಬೇಕು.